ಜೈಗಾಂವ್ ಗಡಿಯಿಂದ ಚನ್ನಗಿರಿ ಮಂಡಿಗೆ: ನೆರೆದೇಶಗಳ ಮುಕ್ತ ವ್ಯಾಪಾರದ ಒಳಲೆಕ್ಕ

2022ರ ಸೆಪ್ಟೆಂಬರ್ ಕೊನೆಯಲ್ಲಿ ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ (ಇದಕ್ಕಿಂತ ಅಗ್ಗದ ಸರಕು ತರುವಂತಿಲ್ಲ ಎಂಬ ಮಿತಿಯ) ಷರತ್ತಿಲ್ಲದೆ ತರಿಸಿಕೊಳ್ಳಬಹುದು, ಬರಬೇಕಾದ್ದು ಪಶ್ಚಿಮ ಬಂಗಾಳದ ಜೈಗಾಂವ್ ಗಡಿಠಾಣೆಯ ಮೂಲಕ ಎಂದು ಅದರಲ್ಲಿತ್ತು. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದಂಥ ಅಡಿಕೆ ಊರುಗಳ ಕಡೆ ಭೂತಾನ್ ಎಂಬ ಹೆಸರು ಅಷ್ಟು ಸಿಟ್ಟಿನಲ್ಲಿ ಕೇಳಿಬಂದದ್ದು ಬಹುಶಃ ಅದೇ ಮೊದಲು. ಧಾರಣೆ ಇಳಿದಾಗಲೆಲ್ಲ ಬೈಗುಳ ಭೂತಾನದ ಮೇಲೆ ಬೀಳತೊಡಗಿತು.

ಸಿಟ್ಟನ್ನು ಸ್ವಲ್ಪ ಬದಿಗಿಟ್ಟು ಲೆಕ್ಕ ಹಾಕೋಣ. ತೋಟದ ಫಸಲನ್ನು ಗುತ್ತಿಗೆಗೆ ಕೊಳ್ಳುವ ನಮ್ಮ ಕಡೆಯ ಖೇಣಿದಾರರ ಅಂದಾಜಿನಂತೆ ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡು ಹದಿಮೂರು ಕೆಜಿ ಒಣ ಅಡಿಕೆ ಕೈಗೆ ಸಿಗುತ್ತದೆ. ಹಾಗಾದರೆ 17,000 ಟನ್ ಹಸಿ ಅಡಿಕೆ ಎಂದರೆ ಎರಡು ಸಾವಿರ ಟನ್ನಿನ ಆಸುಪಾಸು ಒಣ ಸರಕು. ಭಾರತದ ವಾರ್ಷಿಕ ಅಡಿಕೆ ಉತ್ಪಾದನೆ 10 ಲಕ್ಷ ಟನ್ನಿಗೂ ಮೀರಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಭೂತಾನದ ಪಾಲು ಸಾವಿರಕ್ಕೆ ಎರಡರಷ್ಟು. ಅಷ್ಟು ಅಡಿಕೆಗೆ ಚನ್ನಗಿರಿಯ ಅಡಿಕೆ ಸಹಕಾರ ಸಂಘವಾದ ತುಮ್‌ಕೋಸ್‌ನ ಧಾರಣೆ ಅಲುಗಾಡಬೇಕಾದ ಕಾರಣವೇ ಇಲ್ಲ.

ಹಾಗೆಂದು ಬೆಳೆಗಾರರ ಆತಂಕ ಸುಳ್ಳಲ್ಲ. ಭೂತಾನದ ತೋಟದಲ್ಲಿ ಬೆಳೆದದ್ದು ಬಂದೀತು ಎಂದು ಹೆದರುವುದಕ್ಕಿಂತ, ಭೂತಾನದ ಹೆಸರಿನಲ್ಲಿ ಎಲ್ಲೆಲ್ಲಿಯದೋ ಬಂದೀತು ಎಂದು ಹೆದರುವುದಕ್ಕೆ ಹೆಚ್ಚು ಆಧಾರವಿದೆ. ನೆರೆಯ ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಗಳ ಅರ್ಧ ಗುಟ್ಟು ಇಲ್ಲೇ ಇದೆ. ಸುಂಕ ಎಷ್ಟು ಇಳಿಯಿತು ಎನ್ನುವುದು ಪತ್ರಿಕೆಯ ತಲೆಬರಹಕ್ಕೆ ಬರುತ್ತದೆ. ಸರಕು ನಿಜಕ್ಕೂ ಎಲ್ಲಿ ಹುಟ್ಟಿದ್ದು ಎನ್ನುವ ಪ್ರಶ್ನೆ ಅನುಬಂಧದ ಸಣ್ಣಕ್ಷರಗಳಲ್ಲಿ ಉಳಿದುಬಿಡುತ್ತದೆ. ಮಂಡಿಯ ಬೆಲೆಯನ್ನು ನಿರ್ಧರಿಸುವುದು ಬಹುಪಾಲು ಆ ಸಣ್ಣಕ್ಷರಗಳೇ.

ಮೊದಲು ಬುನಾದಿಯ ಮಾತು. ವಿಶ್ವ ವ್ಯಾಪಾರ ಸಂಸ್ಥೆಯ ಮೂಲ ನಿಯಮದ ಪ್ರಕಾರ ಯಾವ ಸದಸ್ಯ ದೇಶಕ್ಕೂ ವಿಶೇಷ ರಿಯಾಯಿತಿ ಇಲ್ಲ. ಒಬ್ಬರಿಗೆ ಸುಂಕ ಇಳಿಸಿದರೆ ಎಲ್ಲ ಸದಸ್ಯರಿಗೂ ಇಳಿಸಬೇಕು. ಇದನ್ನೇ 'ಪರಮಾಪ್ತ ರಾಷ್ಟ್ರ' ನಿಯಮ ಎನ್ನುತ್ತಾರೆ. ಇದಕ್ಕೆ ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ) ಎಂಬ ಜಾಗತಿಕ ಒಪ್ಪಂದದ 24ನೇ ವಿಧಿ ಒಂದು ವಿನಾಯಿತಿ ಕೊಟ್ಟಿದೆ: ಕೆಲವು ದೇಶಗಳು ತಮ್ಮೊಳಗೆ ಹೆಚ್ಚೂಕಡಿಮೆ ಎಲ್ಲ ಸರಕಿನ ಸುಂಕ ತೆಗೆಯುವುದಾದರೆ, ಆ ಸೌಲಭ್ಯವನ್ನು ಹೊರಗಿನವರಿಗೆ ಕೊಡಬೇಕಿಲ್ಲ. ಬಡ ದೇಶಗಳು ಪರಸ್ಪರ ಇನ್ನೂ ಸಡಿಲವಾಗಿ ಒಪ್ಪಂದ ಮಾಡಿಕೊಳ್ಳಲು 1979ರ ಇನ್ನೊಂದು ಅವಕಾಶವೂ ಇದೆ. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ ಇಂಥ ಜಾಗದಲ್ಲಿ ಹುಟ್ಟಿದ್ದು. 2004ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾಗಿ 2006ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿಯಾದ ದ್ವಿಪಕ್ಷೀಯ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಯಾಗಿತ್ತು. ನೇಪಾಳ, ಭೂತಾನಗಳ ಜೊತೆ ದಶಕಗಳ ಹಿಂದಿನಿಂದಲೂ ಬೇರೆಯೇ ವ್ಯಾಪಾರ ಒಪ್ಪಂದಗಳಿವೆ. ಮ್ಯಾನ್ಮಾರ್ ನಮ್ಮ ಪೂರ್ವದ ನೆರೆಯ ದೇಶವೂ ಹೌದು, ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ ಸದಸ್ಯ ದೇಶವೂ ಹೌದು. ಆಸಿಯಾನ್ ಜೊತೆಗಿನ ಸರಕು ಒಪ್ಪಂದ 2010ರಿಂದ ನಡೆಯುತ್ತಿದೆ.

ಅಂದರೆ ಭಾರತದ ಸುತ್ತ ಒಂದು ಬೇಲಿಯಲ್ಲ, ಹಲವು ಬೇಲಿಗಳಿವೆ. ಒಂದೊಂದರಲ್ಲಿ ಒಂದೊಂದು ಅಳತೆಯ ಗೇಟು. ಸರಕು ಸಾಗಿಸುವವನು ಯಾವ ಗೇಟು ಅಗಲವಿದೆಯೋ ಅದನ್ನೇ ಹುಡುಕುತ್ತಾನೆ.

ಪ್ರತಿ ಒಪ್ಪಂದದಲ್ಲೂ ಎರಡು ಬೀಗಗಳಿರುತ್ತವೆ. ಮೊದಲನೆಯದು 'ಸೂಕ್ಷ್ಮ ಪಟ್ಟಿ', ಸುಂಕ ಇಳಿಸುವುದಿಲ್ಲ ಎಂದು ಮೊದಲೇ ಬರೆದಿಟ್ಟ ಸರಕುಗಳ ಪಟ್ಟಿ. ಶ್ರೀಲಂಕಾ ಒಪ್ಪಂದದಲ್ಲಿ ಲಂಕೆ 1,180ರಷ್ಟು ಸರಕುಗಳನ್ನು ಹೊರಗಿಟ್ಟುಕೊಂಡಿತು, ಭಾರತ ಸುಮಾರು 430. ಚಿಕ್ಕವರಿಗೆ ಹೆಚ್ಚು ರಕ್ಷಣೆ ಇರಲಿ ಎಂಬ ಅಂದಿನ ರಾಜತಾಂತ್ರಿಕ ನಿಲುವು ಇದರ ಹಿಂದಿತ್ತು. ಸುಂಕ ಇಳಿಸಲು ಭಾರತಕ್ಕೆ ಮೂರು ವರ್ಷ, ಲಂಕೆಗೆ ಎಂಟು ವರ್ಷ ಗಡುವು. ಸಾಫ್ಟಾದ ಅಡಿಯಲ್ಲೂ ಹಾಗೆಯೇ: 2011ರ ನವೆಂಬರ್‌ನಲ್ಲಿ ಭಾರತ ಬಾಂಗ್ಲಾದೇಶ, ನೇಪಾಳ, ಭೂತಾನದಂಥ, ವಿಶ್ವಸಂಸ್ಥೆಯ ಪಟ್ಟಿಯಲ್ಲಿದ್ದ ಹಿಂದುಳಿದ ದೇಶಗಳಿಗೆ ಮದ್ಯ ಮತ್ತು ತಂಬಾಕಿನ 25 ಬಾಬ್ತು ಬಿಟ್ಟು ಉಳಿದೆಲ್ಲದರ ಸುಂಕವನ್ನೂ ಸೊನ್ನೆಗಿಳಿಸಿತು. ಎರಡನೇ ಬೀಗವೇ ಮೂಲದ ನಿಯಮ. ಸರಕು ಆ ದೇಶದಲ್ಲೇ ಬೆಳೆದಿರಬೇಕು. ಬೇರೆ ಕಡೆಯಿಂದ ಕಚ್ಚಾವಸ್ತು ತಂದು ತಯಾರಿಸಿದ್ದರೆ ಇಂತಿಷ್ಟು ಮೌಲ್ಯ ಅಲ್ಲಿಯೇ ಸೇರಿರಬೇಕು, ಜೊತೆಗೆ ಸರಕಿನ ಸ್ವರೂಪವೂ ಬದಲಾಗಿರಬೇಕು. ಸಾಫ್ಟಾದಲ್ಲಿ ಈ ಮೌಲ್ಯದ ಪಾಲು ಸಾಮಾನ್ಯವಾಗಿ ಶೇ 40, ಶ್ರೀಲಂಕಾಕ್ಕೆ ಶೇ 35, ಹಿಂದುಳಿದ ದೇಶಗಳಿಗೆ ಶೇ 30.

ಕೇಳುವುದಕ್ಕೆ ಒಣ ಗಣಿತ. ಅರ್ಥ ಮಾಡಿಕೊಳ್ಳಲು ನಮ್ಮ ಖರೀದಿ ಕೇಂದ್ರಗಳೇ ಸಾಕು. ಬೆಂಬಲ ಬೆಲೆ ಘೋಷಣೆಯಾದ ಕೂಡಲೇ ಯಾರದೋ ಪಹಣಿ, ಯಾರದೋ ಆಧಾರ್ ಇಟ್ಟು ವ್ಯಾಪಾರಿ ತನ್ನ ಗೋದಾಮಿನ ರಾಗಿಯನ್ನು ರೈತನ ರಾಗಿಯೆಂದು ತೂಗಿಸುವುದು ಯಾರಿಗೆ ಗೊತ್ತಿಲ್ಲ? ಪಹಣಿ ಅಸಲಿಯೇ, ರಾಗಿಯೂ ಅಸಲಿಯೇ. ಎರಡಕ್ಕೂ ಸಂಬಂಧವಿಲ್ಲ ಅಷ್ಟೆ. ದೇಶಗಳ ನಡುವೆ ಪಹಣಿಯ ಜಾಗದಲ್ಲಿ ಇರುವುದು ಮೂಲ ಪ್ರಮಾಣಪತ್ರ.

ಈ ಆಟದ ಅತಿ ದೊಡ್ಡ ಪಾಠ ವನಸ್ಪತಿಯದ್ದು, ಅಂದರೆ ಡಾಲ್ಡಾದಂಥ ಗಟ್ಟಿ ಮಾಡಿದ ಅಡುಗೆ ಎಣ್ಣೆಯದ್ದು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯವರು ಅದನ್ನು ಗಮನವಿಟ್ಟು ಓದಬೇಕು. ಸುಮಾರು 2000ದ ಹೊತ್ತಿಗೆ ಭಾರತದಲ್ಲಿ ತಾಳೆ ಎಣ್ಣೆಯ ಮೇಲೆ ಸುಂಕ ಜಾಸ್ತಿಯಿತ್ತು, ನೇಪಾಳದಲ್ಲಿ ಕಡಿಮೆ. ಮಲೇಷ್ಯಾ ಕಡೆಯ ಎಣ್ಣೆಯನ್ನು ನೇಪಾಳಕ್ಕೆ ತಂದು, ಅಲ್ಲಿ ವನಸ್ಪತಿ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಇಳಿಸಿದರೆ ಲಾಭವೆಲ್ಲ ಸುಂಕದ ವ್ಯತ್ಯಾಸದಲ್ಲೇ. ಭಾರತ 2002ರಲ್ಲಿ ನೇಪಾಳ ಒಪ್ಪಂದವನ್ನು ತಿದ್ದಿ ವನಸ್ಪತಿಗೆ ವರ್ಷಕ್ಕೆ 1 ಲಕ್ಷ ಟನ್ ಮಿತಿ ಹಾಕಿತು, ಮೂಲದ ನಿಯಮವನ್ನೂ ಬಿಗಿ ಮಾಡಿತು. ಆಮೇಲೆ ನಡೆದದ್ದು ಸ್ವಾರಸ್ಯ: ವನಸ್ಪತಿ ಕಾರ್ಖಾನೆಗಳು ಶ್ರೀಲಂಕಾದಲ್ಲಿ ತಲೆಯೆತ್ತಿದವು, ಅದೂ ಬಹಳಷ್ಟು ಭಾರತೀಯರದೇ ಬಂಡವಾಳದಲ್ಲಿ. ಕೆಲವೇ ವರ್ಷಗಳಲ್ಲಿ ವನಸ್ಪತಿ ಮತ್ತು ತಾಮ್ರ ಲಂಕೆಯಿಂದ ಭಾರತಕ್ಕೆ ಬರುವ ಸರಕಿನಲ್ಲಿ ಅಗ್ರಸ್ಥಾನ ಹಿಡಿದವು. ಲಂಕೆಯಲ್ಲಿ ತಾಮ್ರದ ಗಣಿಯೂ ಇಲ್ಲ, ತಾಳೆ ಎಣ್ಣೆಯ ಸಮುದ್ರವೂ ಇಲ್ಲ. ಭಾರತ ವನಸ್ಪತಿಗೆ 2.5 ಲಕ್ಷ ಟನ್ನಿನ ಮಿತಿ ಹಾಕಿತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡ ಲಂಕೆಯವರಿಗೆ ಭಾರತ ಮಾತಿಗೆ ತಪ್ಪಿದಂತೆ ಕಂಡಿತು. ಇಲ್ಲಿನ ಎಣ್ಣೆ ಉದ್ಯಮಕ್ಕೆ ಲಂಕೆ ಮೋಸ ಮಾಡಿದಂತೆ ಕಂಡಿತು. ಒಪ್ಪಂದ ಮಾಡಿಕೊಂಡದ್ದು ಸ್ನೇಹ ಬೆಳೆಯಲಿ ಎಂದು!

ಕಾಳುಮೆಣಸಿನ ಕಥೆಯೂ ಅದೇ ದಾರಿಯದು. ಲಂಕೆಯಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದರ ನೆರಳಿನಲ್ಲಿ ವಿಯೆಟ್ನಾಂ ಮೆಣಸು ಲಂಕೆಯ ಚೀಟಿ ಅಂಟಿಸಿಕೊಂಡು ಬರುತ್ತಿದೆ ಎಂಬ ದೂರು ಮಲೆನಾಡಿನಿಂದ, ಕೊಡಗಿನಿಂದ ಜೋರಾದಾಗ 2017ರ ಡಿಸೆಂಬರ್‌ನಲ್ಲಿ ಕೆಜಿಗೆ ₹500 ಕನಿಷ್ಠ ಆಮದು ಬೆಲೆ ಬಂತು.

ಇದೆಲ್ಲ ಹಳೆಯ ಮಾತು ಅನ್ನಿಸಿದರೆ 2024ಕ್ಕೆ ಬನ್ನಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಬೆಳೆಗಾರರ ಕೂಗಿಗೆ ಓಗೊಟ್ಟು ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಒಟ್ಟು ಆಮದು ತೆರಿಗೆಯನ್ನು ಶೇ 5.5ರಿಂದ ಶೇ 27.5ಕ್ಕೆ, ಶುದ್ಧೀಕರಿಸಿದ್ದನ್ನು ಶೇ 35.75ಕ್ಕೆ ಏರಿಸಿತು. ಚಳ್ಳಕೆರೆಯಂಥ ಎಣ್ಣೆ ಊರಿಗೆ, ಶೇಂಗಾ ಬಿತ್ತುವ ಬಯಲುಸೀಮೆಗೆ ಸಮಾಧಾನದ ಸುದ್ದಿ. ಆದರೆ ನೇಪಾಳದಿಂದ ಬರುವ ಶುದ್ಧೀಕರಿಸಿದ ಸೋಯಾ ಎಣ್ಣೆಗೆ ಸುಂಕ ಸೊನ್ನೆ. ನೇಪಾಳ ಎಣ್ಣೆಯ ಅಗತ್ಯಕ್ಕೆ ತಕ್ಕಷ್ಟು ಸೋಯಾ ಬೆಳೆಯುವ ದೇಶವೇ ಅಲ್ಲ. ದಕ್ಷಿಣ ಅಮೆರಿಕದಂಥ ದೂರದ ಕಡೆಯಿಂದ ಕಚ್ಚಾ ಎಣ್ಣೆ ತರಿಸುತ್ತದೆ. ಆ ಎಣ್ಣೆ ಕೋಲ್ಕತ್ತ ಬಂದರಿನಂಥ ಭಾರತದ ಬಂದರುಗಳ ಮೂಲಕವೇ ನೇಪಾಳಕ್ಕೆ ಹೋಗಬೇಕು, ಏಕೆಂದರೆ ಅದಕ್ಕೆ ಸಮುದ್ರವಿಲ್ಲ. ಅಂದರೆ ನಮ್ಮದೇ ಬಂದರಿನಲ್ಲಿ ಇಳಿದ ಎಣ್ಣೆ ಗಡಿ ದಾಟಿ, ಶುದ್ಧವಾಗಿ, ಮತ್ತೆ ನಮ್ಮ ಮಾರುಕಟ್ಟೆಗೆ. ಮುಂದಿನ ತಿಂಗಳುಗಳಲ್ಲಿ ನೇಪಾಳದ ರಫ್ತು ಪಟ್ಟಿಯಲ್ಲಿ ಸೋಯಾ ಎಣ್ಣೆಯೇ ಮೊದಲ ಸ್ಥಾನಕ್ಕೇರಿತು. ಭಾರತದ ಎಣ್ಣೆ ಉದ್ಯಮದ ತಕರಾರು ಮೂಲದ ನಿಯಮದ ಮೇಲೆ: ಕಚ್ಚಾ ಸೋಯಾ ಎಣ್ಣೆಯೂ ಶುದ್ಧೀಕರಿಸಿದ್ದೂ ಸುಂಕದ ಪುಸ್ತಕದಲ್ಲಿ 1507 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ, ಬರೀ ಶುದ್ಧೀಕರಣದಿಂದ ಶೇ 30 ಮೌಲ್ಯ ಎಲ್ಲಿಂದ ಸೇರಬೇಕು? 2025ರ ಮೇ ಕೊನೆಯಲ್ಲಿ ಸರ್ಕಾರ ಕಚ್ಚಾ ಎಣ್ಣೆಯ ಒಟ್ಟು ತೆರಿಗೆಯನ್ನು ಶೇ 16.5ಕ್ಕೆ ಇಳಿಸಿತು. ಬೆಲೆಯೇರಿಕೆ ತಡೆಯುವುದು, ದೇಶದೊಳಗಿನ ಶುದ್ಧೀಕರಣ ಘಟಕಗಳಿಗೆ ಕೆಲಸ ಕೊಡುವುದು ಹೇಳಿಕೊಂಡ ಕಾರಣಗಳು. ನೇಪಾಳದ ದಾರಿಯ ಆಕರ್ಷಣೆಯೂ ಅದರಿಂದ ಕುಗ್ಗಿತು. ಶೇಂಗಾದವನಿಗೆ ಕೊಟ್ಟ ರಕ್ಷಣೆಯೂ ಅಷ್ಟೇ ಕುಗ್ಗಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚಳ್ಳಕೆರೆಯ ಮಿಲ್ಲುಗಳು ಸೊರಗಿದ್ದಕ್ಕೆ, ಶೇಂಗಾ ಎಣ್ಣೆಯ ಜಾಗವನ್ನು ಪಾಮೋಲಿನ್ (ತಾಳೆ ಎಣ್ಣೆ) ಪ್ಯಾಕೆಟ್ ಹಿಡಿದದ್ದಕ್ಕೆ ಎಲ್ಲವನ್ನೂ ಒಪ್ಪಂದಗಳ ತಲೆಗೆ ಕಟ್ಟುವುದು ಸರಿಯಲ್ಲ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದ ತೊಂಬತ್ತರ ದಶಕದ ಆರಂಭಕ್ಕೆ ದೇಶ ಹೆಚ್ಚೂಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ತೆರೆದದ್ದು ಯಾವ ಒಪ್ಪಂದದ ಒತ್ತಾಯದಿಂದಲೂ ಅಲ್ಲ, ದೆಹಲಿಯದೇ ತೀರ್ಮಾನ. ಆಸಿಯಾನ್ ಒಪ್ಪಂದ ಕಚ್ಚಾ ತಾಳೆ ಎಣ್ಣೆಗೆ ಶೇ 37.5ರವರೆಗೂ ಸುಂಕ ಇಟ್ಟುಕೊಳ್ಳಲು ಬಿಟ್ಟಿತ್ತು. ಭಾರತವೇ 2008ರಲ್ಲಿ, ಮತ್ತೆ 2021ರ ಅಕ್ಟೋಬರ್‌ನಲ್ಲಿ ಅದರ ಮೂಲ ಸುಂಕವನ್ನು ಸೊನ್ನೆ ಮಾಡಿತು. ಊರಿನ ಗ್ರಾಹಕನಿಗೆ ಎಣ್ಣೆ ಅಗ್ಗವಾಗಬೇಕಿತ್ತು, ಚುನಾವಣೆಯೂ ಇರುತ್ತದೆ. ಇಂದು ದೇಶಕ್ಕೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಒಪ್ಪಂದ ಬೀಗವನ್ನು ಕೈಯಲ್ಲೇ ಬಿಟ್ಟಿತ್ತು, ಹಾಕದವರು ನಾವು.

ಮತ್ತೆ ಅಡಿಕೆಗೆ. ಅಡಿಕೆಗೆ ಭಾರತದ ಸಾಮಾನ್ಯ ಆಮದು ಸುಂಕ ಶೇ 100. ಅದರ ಮೇಲೆ ಕನಿಷ್ಠ ಆಮದು ಬೆಲೆ: ಮೊದಲು ಕೆಜಿಗೆ ₹251, 2023ರ ಫೆಬ್ರುವರಿಯಿಂದ ₹351. ಅದಕ್ಕಿಂತ ಅಗ್ಗದ ಅಡಿಕೆ ತರುವಂತೆಯೇ ಇಲ್ಲ. ಹೊರಗೆ ಅಡಿಕೆ ಅಗ್ಗ, ಒಳಗೆ ದುಬಾರಿ. ಇಷ್ಟು ದೊಡ್ಡ ಅಂತರ ಇದ್ದಲ್ಲಿ ಕಳ್ಳದಾರಿ ಹುಟ್ಟದೆ ಇರದು. ಮ್ಯಾನ್ಮಾರ್ ಗಡಿಯ ಮಿಜೋರಾಂ ಕಡೆಯಿಂದ ನುಸುಳುವ ಅಡಿಕೆಯನ್ನು ಅಸ್ಸಾಂ ರೈಫಲ್ಸ್ ಪದೇ ಪದೇ ಹಿಡಿಯುತ್ತದೆ. ಅದಕ್ಕೆ ಯಾವ ಒಪ್ಪಂದದ ಹಂಗೂ ಇಲ್ಲ. ಇನ್ನೊಂದು ಜಾತಿಯ ದಾರಿ ಕಾಗದದ್ದು: ಇಂಡೋನೇಷ್ಯಾದ ಅಡಿಕೆ ಲಂಕೆಯ ಮೂಲ ಪ್ರಮಾಣಪತ್ರದೊಂದಿಗೆ ಬರುವುದು. ಮೂರನೆಯದು ಹೆಸರು ಬದಲಿಸುವುದು. ಹಸಿ, ಒಣ ಅಡಿಕೆ ಸುಂಕದ ಪುಸ್ತಕದಲ್ಲಿ ಒಂದು ಅಧ್ಯಾಯದಲ್ಲಿದ್ದರೆ ಹುರಿದ ಅಡಿಕೆಯನ್ನು ಸಂಸ್ಕರಿಸಿದ ಆಹಾರದ ಅಧ್ಯಾಯಕ್ಕೆ ಸೇರಿಸಬಹುದು ಎಂಬ ವಾದ ಗೆದ್ದಿತು. ಅಲ್ಲಿ ಸುಂಕ ಕಡಿಮೆ, ಕನಿಷ್ಠ ಬೆಲೆಯೂ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ₹351ರ ನಿಯಮ ಹಾಕಿ ಆ ಕಿಂಡಿ ಮುಚ್ಚಿದರು. ಸ್ವಲ್ಪ ಹುರಿದ ಮಾತ್ರಕ್ಕೆ ಅಡಿಕೆ ಅಡಿಕೆಯಲ್ಲದಂತಾಗುವುದು ಭೀಮಸಮುದ್ರದ ಯಾವ ವ್ಯಾಪಾರಿಗೂ ಹೊಳೆಯದ ಜಾಣತನ.

ಇಂಥ ಕಿಂಡಿಗಳನ್ನು ಮುಚ್ಚಲೆಂದೇ 2020ರ ಸೆಪ್ಟೆಂಬರ್ 21ರಿಂದ 'ಕಾರೋಟರ್' ಎಂಬ ಕಸ್ಟಮ್ಸ್ ನಿಯಮಾವಳಿ ಜಾರಿಯಲ್ಲಿದೆ. ಹಿಂದೆ ಮೂಲ ಪ್ರಮಾಣಪತ್ರ ತೋರಿಸಿದರೆ ಮುಗಿಯುತ್ತಿತ್ತು. ಈಗ ಆಮದುದಾರನೇ ಸರಕು ಹೇಗೆ, ಎಲ್ಲಿ ತಯಾರಾಯಿತು, ಮೌಲ್ಯ ಎಷ್ಟು ಸೇರಿತು ಎಂಬ ವಿವರ ಇಟ್ಟುಕೊಂಡಿರಬೇಕು. ಸಂಶಯ ಬಂದರೆ ಅಧಿಕಾರಿಗಳು ರಿಯಾಯಿತಿ ತಡೆಹಿಡಿದು ರಫ್ತು ಮಾಡಿದ ದೇಶದಿಂದ ವಿವರಣೆ ಕೇಳಬಹುದು. ಅಡಿಕೆ ಬೆಳೆಗಾರರ ಸಂಘಟನೆಗಳು 'ಒಪ್ಪಂದ ರದ್ದು ಮಾಡಿ' ಎನ್ನುವ ಮನವಿಗಿಂತ 'ಪ್ರಮಾಣಪತ್ರ ಪರೀಕ್ಷಿಸಿ' ಎನ್ನುವ ಮನವಿ ಹಿಡಿದು ಹೋದರೆ ಹೆಚ್ಚು ಫಲ ಸಿಕ್ಕೀತು ಎಂಬುದು ನನ್ನ ಅನಿಸಿಕೆ.

ಅರ್ಥಶಾಸ್ತ್ರಜ್ಞರಿಗೆ ಈ ಎರಡು ಮುಖಗಳೂ ಹಳೆಯ ಪರಿಚಯ. 1950ರಲ್ಲೇ ಜೇಕಬ್ ವೈನರ್ ಎಂಬ ಪಂಡಿತ ಹೇಳಿದ್ದ: ಇಂಥ ಒಪ್ಪಂದದಿಂದ ಹೊಸ ವ್ಯಾಪಾರ ಹುಟ್ಟಬಹುದು, ಅಂದರೆ ದುಬಾರಿಯಾಗಿ ಇಲ್ಲೇ ಮಾಡುತ್ತಿದ್ದುದನ್ನು ನೆರೆಯವರಿಂದ ಅಗ್ಗದಲ್ಲಿ ಪಡೆಯಬಹುದು. ಅಥವಾ ಇದ್ದ ವ್ಯಾಪಾರವೇ ದಾರಿ ತಪ್ಪಬಹುದು. ದೂರದ ಅಗ್ಗದ ಮಾರಾಟಗಾರನನ್ನು ಬಿಟ್ಟು, ಸುಂಕವಿಲ್ಲ ಎಂಬ ಒಂದೇ ಕಾರಣಕ್ಕೆ ನೆರೆಯವನಿಂದ ಕೊಳ್ಳುವುದು. ನೇಪಾಳದ ಎಣ್ಣೆಯಲ್ಲಿ ದಾರಿ ತಪ್ಪಿದ್ದು ವ್ಯಾಪಾರ, ಬರಿದಾದದ್ದು ಭಾರತದ ಖಜಾನೆಗೆ ಬರಬೇಕಿದ್ದ ಸುಂಕ. ಭೂತಾನದಿಂದ ಬರುವ ಜಲವಿದ್ಯುತ್ತಿನಲ್ಲಿ ಮಾತ್ರ ನಿಜವಾದ ಹೊಸ ವ್ಯಾಪಾರ ಹುಟ್ಟಿದೆ, ಅಲ್ಲಿನ ಹೊಳೆಗಳನ್ನು ನಾವು ಬೇರೆಲ್ಲಿಂದಲೂ ತರಲಾಗದು.

ಇಲ್ಲಿಯವರೆಗೆ ನಾವು ಕೊಳ್ಳುವವರಾಗಿ ಮಾತಾಡಿದೆವು. ಮಾರುವವರಾಗಿಯೂ ನೋಡಬೇಕು, ಯಾಕೆಂದರೆ ನೆರೆಯವರ ಜೊತೆ ಭಾರತ ಮಾರುವುದೇ ಹೆಚ್ಚು. 2024-25ರಲ್ಲಿ ಬಾಂಗ್ಲಾದೇಶಕ್ಕೆ ಸುಮಾರು 1,100 ಕೋಟಿ ಡಾಲರ್ ಸರಕು ಮಾರಿ, 200 ಕೋಟಿ ಡಾಲರಿನಷ್ಟು ಕೊಂಡೆವು. ನೇಪಾಳದ ಒಟ್ಟು ವ್ಯಾಪಾರದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಭಾರತದೊಂದಿಗೇ. ಹೀಗಾಗಿ ದೇಶದ ಒಟ್ಟು ಲೆಕ್ಕದಲ್ಲಿ ನೆರೆಯವರೊಂದಿಗಿನ ಒಪ್ಪಂದಗಳು ಭಾರತಕ್ಕೆ ಲಾಭವೇ. ತೊಂದರೆ ಹಂಚಿಕೆಯಲ್ಲಿದೆ. ವಾಹನ, ಯಂತ್ರ, ಡೀಸೆಲ್ ಮಾರುವ ಕಂಪನಿಗೆ ಬಂದ ಲಾಭ ಅಲ್ಲೇ ಉಳಿಯುತ್ತದೆ. ಅದರ ಬದಲಿಗೆ ಬಿಟ್ಟುಕೊಟ್ಟ ರಿಯಾಯಿತಿಯ ಬಿಸಿ ಅಡಿಕೆ, ಮೆಣಸು, ಶೇಂಗಾ ಬೆಳೆಯುವವನಿಗೆ ತಟ್ಟುತ್ತದೆ. ಇಬ್ಬರೂ ಒಂದೇ ದೇಶದವರು ಎಂಬುದು ಸರಾಸರಿ ಲೆಕ್ಕಕ್ಕೆ ಸರಿ, ಮನೆ ಲೆಕ್ಕಕ್ಕಲ್ಲ.

ದಾವಣಗೆರೆ ಜಿಲ್ಲೆಯ ಹೊಲಗಳಲ್ಲಿ ಒಂದು ಕಾಲಕ್ಕೆ ಹತ್ತಿ ಇದ್ದಲ್ಲಿ ಈಗ ಮೆಕ್ಕೆಜೋಳ. ನಮ್ಮ ದೇಶದ ಮೆಕ್ಕೆಜೋಳ ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಬಾಂಗ್ಲಾದೇಶ, ನೇಪಾಳ, ವಿಯೆಟ್ನಾಂ ಇದ್ದವು. 2021-22ರಲ್ಲಿ 35 ಲಕ್ಷ ಟನ್ನಿಗೂ ಹೆಚ್ಚು ರಫ್ತಾಗಿತ್ತು. ಅಲ್ಲಿನ ಕೋಳಿ ಫಾರಂಗಳ ಬೇಡಿಕೆ ನಮ್ಮ ಎಪಿಎಂಸಿ ಅಂಗಳಕ್ಕೂ ತಲುಪುತ್ತಿತ್ತು. ಆಮೇಲೆ ಎಥೆನಾಲ್ ಬಂತು. ಮೆಕ್ಕೆಜೋಳ ಮದ್ಯಸಾರದ ಘಟಕಗಳ ಕಡೆ ಹರಿದು ಒಳಗಿನ ಬೆಲೆ ಏರಿತು, ರಫ್ತು ಕುಸಿಯಿತು. ಕೋಳಿ ಆಹಾರದವರು ಹುಯಿಲಿಟ್ಟಾಗ 2024ರಲ್ಲಿ ಸುಮಾರು 5 ಲಕ್ಷ ಟನ್ನನ್ನು ಶೇ 50ರ ಬದಲು ಶೇ 15 ಸುಂಕದಲ್ಲಿ ತರಲು ಅನುಮತಿ ಸಿಕ್ಕಿತು. ಅತ್ತ ಹಿಂದುಳಿದ ದೇಶವಾದ ಮ್ಯಾನ್ಮಾರ್‌ಗೆ ಸುಂಕವೇ ಇಲ್ಲ. ಅಲ್ಲಿಂದ ಹಡಗು ಬಂದವು. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400 ಇದ್ದರೂ ಮಾರುಕಟ್ಟೆ ₹2,000ಕ್ಕಿಂತ ಕೆಳಗೆ ಬಿದ್ದು ಉತ್ತರ ಕರ್ನಾಟಕದಲ್ಲಿ ರೈತರು ಬೀದಿಗಿಳಿದಾಗ, ಆಮದಿನ ಮಾತು ಮುನ್ನೆಲೆಗೆ ಬಂತು. ಬಂಪರ್ ಬೆಳೆ, ಮಳೆಗೆ ನೆನೆದ ಕಾಳು, ಎಥೆನಾಲ್ ಘಟಕಗಳ ಖರೀದಿ ವೇಗ, ಇವೆಲ್ಲ ಸೇರಿ ಬೆಲೆ ಕಟ್ಟುತ್ತವೆ. ಅವುಗಳ ಜೊತೆ, ಕಳೆದುಕೊಂಡ ನೆರೆಯ ಗಿರಾಕಿಯೂ ಇದ್ದಾನೆ ಎಂಬುದನ್ನು ಯಾರೂ ಹೇಳುವುದಿಲ್ಲ. ಒಮ್ಮೆ ಬೇರೆ ಕಡೆ ಕೊಳ್ಳಲು ಕಲಿತ ಗಿರಾಕಿ ಕರೆದ ಕೂಡಲೇ ಮರಳುವುದಿಲ್ಲ.

ಇದನ್ನು ಈರುಳ್ಳಿಯಷ್ಟು ಚೆನ್ನಾಗಿ ಇನ್ನೊಂದು ಬೆಳೆ ಕಲಿಸಲಾರದು. ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಮುಂಗಾರು ಈರುಳ್ಳಿ ಬಹುಪಾಲು ಬೆಂಗಳೂರಿನ ಯಶವಂತಪುರಕ್ಕೆ ಹೋಗುತ್ತದೆ. ಭಾರತದ ಈರುಳ್ಳಿಯ ದೊಡ್ಡ ಗಿರಾಕಿ ಬಾಂಗ್ಲಾದೇಶ. ನಮ್ಮ ಈರುಳ್ಳಿ ಢಾಕಾಕ್ಕೆ ಹೋಗಲಿ ಬಿಡಲಿ, ನಾಸಿಕದ್ದು ಹೋಗದಿದ್ದರೆ ಅದು ದಕ್ಷಿಣದ ಮಾರುಕಟ್ಟೆಗೆ ಇಳಿದು ನಮ್ಮದರ ಧಾರಣೆ ಒತ್ತುತ್ತದೆ. 2019ರ ಸೆಪ್ಟೆಂಬರ್ 29ರಂದು ಭಾರತ ದಿಢೀರನೆ ಈರುಳ್ಳಿ ರಫ್ತು ನಿಷೇಧಿಸಿತು. ಕೆಲವೇ ದಿನಗಳಲ್ಲಿ ದೆಹಲಿಗೆ ಬಂದ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ, ಅಡುಗೆಯವರಿಗೆ ಈರುಳ್ಳಿ ಹಾಕಬೇಡಿ ಎಂದಿದ್ದೇನೆ, ಮುಂದೆ ಹೀಗೆ ಮಾಡುವಾಗ ಮೊದಲೇ ತಿಳಿಸಿ ಎಂಬರ್ಥದಲ್ಲಿ ತಮಾಷೆ ಮಾಡಿದರು. ಸಭೆ ನಕ್ಕಿತು. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ನಿಷೇಧ. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ನಿಷೇಧ, 2024ರ ಮೇ ತಿಂಗಳಲ್ಲಿ ತೆರವು, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಅಷ್ಟರೊಳಗೆ ಬಾಂಗ್ಲಾದೇಶ ತನ್ನ ನೆಲದಲ್ಲೇ ಹೆಚ್ಚು ಬೆಳೆಯತೊಡಗಿತ್ತು, ಪಾಕಿಸ್ತಾನ, ಚೀನಾಗಳಿಂದ ತರಿಸುವುದನ್ನೂ ರೂಢಿ ಮಾಡಿಕೊಂಡಿತ್ತು.

ಸಾಫ್ಟಾ ಇದನ್ನು ತಡೆಯಲಿಲ್ಲವೇ? ತಡೆಯುವ ಶಕ್ತಿ ಅದಕ್ಕಿಲ್ಲ. ಅದು ಮುಖ್ಯವಾಗಿ ಆಮದು ಸುಂಕದ ಒಪ್ಪಂದ. ರಫ್ತು ನಿಲ್ಲಿಸುವ ಕೈಯನ್ನು ಕಟ್ಟಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವೂ ಆಹಾರದ ಅಭಾವದ ಕಾಲಕ್ಕೆ ತಾತ್ಕಾಲಿಕ ತಡೆಗೆ ಅವಕಾಶ ಕೊಡುತ್ತದೆ. ಆಮದಿನ ವಿಷಯದಲ್ಲಿ ರೈತರ ಹೆಸರು ಹೇಳುವ ಸರ್ಕಾರ ರಫ್ತಿನ ವಿಷಯದಲ್ಲಿ ಗ್ರಾಹಕರ ಹೆಸರು ಹೇಳುತ್ತದೆ. ಚಿತ್ರದುರ್ಗದ ಈರುಳ್ಳಿ ಬೆಳೆಗಾರನಿಗೆ ವಿದೇಶಿ ಪೈಪೋಟಿಗಿಂತ ಸ್ವದೇಶಿ ಅಧಿಸೂಚನೆಯೇ ಹೆಚ್ಚು ಪೆಟ್ಟು ಕೊಟ್ಟಿದೆ.

ಇನ್ನು ಗಡಿಯ ದಾರಿ. ಹತ್ತಿರದವರು ಹೆಚ್ಚು ವ್ಯಾಪಾರ ಮಾಡುತ್ತಾರೆ ಎಂಬುದು ಅರ್ಥಶಾಸ್ತ್ರದಲ್ಲಿ ಬಹುತೇಕ ಎಲ್ಲೆಡೆ ನಿಜವಾದ ಮಾತು. ದಕ್ಷಿಣ ಏಷ್ಯಾ ಅದಕ್ಕೆ ಅಪವಾದ. ಇಲ್ಲಿನ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರರೊಂದಿಗಿನದು ಶೇ 5ರ ಆಸುಪಾಸು. ಆಸಿಯಾನ್‌ನಲ್ಲಿ ಅದು ಸುಮಾರು ನಾಲ್ಕನೇ ಒಂದು ಭಾಗ. ಭಾರತ-ಬಾಂಗ್ಲಾ ನಡುವಿನ ಅತಿದೊಡ್ಡ ಭೂಗಡಿ ಪೆಟ್ರಾಪೋಲ್‌ನಲ್ಲಿ ಲಾರಿಗಳು ದಿನಗಟ್ಟಲೆ ಸಾಲುಗಟ್ಟುತ್ತವೆ. ನಮ್ಮ ಲಾರಿಯ ಸರಕನ್ನು ಇಳಿಸಿ ಅವರ ಲಾರಿಗೆ ಏರಿಸಬೇಕು. ಲಾರಿಗಳೇ ನೇರ ಓಡಾಡಲಿ ಎಂದು 2015ರಲ್ಲಿ ಥಿಂಪುವಿನಲ್ಲಿ ಬಾಂಗ್ಲಾ, ಭೂತಾನ್, ಭಾರತ, ನೇಪಾಳ ಸಹಿ ಮಾಡಿದ ವಾಹನ ಒಪ್ಪಂದಕ್ಕೆ ಭೂತಾನದ ಮೇಲ್ಮನೆಯೇ ಒಪ್ಪಲಿಲ್ಲ, ಪರ್ವತದ ರಸ್ತೆಗಳಲ್ಲಿ ನಮ್ಮ ಲಾರಿಗಳು ತುಂಬಿಯಾವು ಎಂಬ ಅಳುಕು ಅವರಿಗೆ. ಸುಂಕ ಸೊನ್ನೆಯಾದರೂ ಕಾಯುವ ಕೂಲಿ, ಡೀಸೆಲ್, ಕೊಳೆತ ಮಾಲು ಸೇರಿದರೆ ಅದೇ ಒಂದು ಸುಂಕ.

ರಾಜಕೀಯ ಕೆಟ್ಟಾಗ ಈ ಅಲ್ಪಸ್ವಲ್ಪವೂ ನಿಲ್ಲುತ್ತದೆ. ಪಾಕಿಸ್ತಾನಕ್ಕೆ 1996ರಲ್ಲಿ ಕೊಟ್ಟ ಪರಮಾಪ್ತ ಸ್ಥಾನವನ್ನು ಪುಲ್ವಾಮಾ ದಾಳಿಯ ನಂತರ 2019ರ ಫೆಬ್ರುವರಿಯಲ್ಲಿ ಹಿಂತೆಗೆದು ಭಾರತ ಶೇ 200 ಸುಂಕ ಹಾಕಿತು. ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರ ನಿಲ್ಲಿಸಿತು. ಪಹಲ್ಗಾಮ್ ದಾಳಿಯ ನಂತರ 2025ರ ಮೇ ತಿಂಗಳಲ್ಲಿ ಆಮದು ಪೂರ್ತಿ ಬಂದ್. ಇಬ್ಬರೂ ಸಾಫ್ಟಾ ಸದಸ್ಯರು, ಇಂದಿಗೂ.

ಬಾಂಗ್ಲಾದೇಶದ್ದು ಅಷ್ಟು ಕಟು ಅಲ್ಲದಿದ್ದರೂ ನಮಗೆ ಹೆಚ್ಚು ಸಂಬಂಧಿಸಿದ್ದು, ಹತ್ತಿಯ ಕಾರಣಕ್ಕೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಬಹುತೇಕ ಸಾಫ್ಟಾ ಹುಟ್ಟುವ ಮುಂಚೆಯೇ ಮುಚ್ಚಿದ್ದವು. ಅದನ್ನು ಬಾಂಗ್ಲಾ ಅಂಗಿಯ ತಲೆಗೆ ಕಟ್ಟುವಂತಿಲ್ಲ. ಆದರೆ ಇಂದು ಬಟ್ಟೆ ಅಂಗಡಿಯ ಚೌಕಟ್ಟು ಬೇರೆ. ಭಾರತದ ಹತ್ತಿ ಮತ್ತು ನೂಲು ಬಾಂಗ್ಲಾಕ್ಕೆ ಹೋಗುತ್ತದೆ, ಅಲ್ಲಿ ಅಂಗಿಯಾಗಿ ಸುಂಕವಿಲ್ಲದೆ ಇಲ್ಲಿಗೂ ಬರುತ್ತದೆ. ಅಂಗಿ ಹೊಲಿಯುವವನಿಗೆ ಬಾಂಗ್ಲಾ ಪ್ರತಿಸ್ಪರ್ಧಿ, ಹತ್ತಿ ಬೆಳೆಯುವವನಿಗೆ ಗಿರಾಕಿ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾ ಭೂಗಡಿಯಿಂದ ಭಾರತದ ನೂಲು ಬರುವುದನ್ನು ನಿಲ್ಲಿಸಿತು. ಅದೇ ತಿಂಗಳು ಭಾರತ ತನ್ನ ನೆಲದ ಮೂಲಕ ಬಾಂಗ್ಲಾ ಸರಕು ಮೂರನೇ ದೇಶಕ್ಕೆ ಸಾಗುವ ಸೌಲಭ್ಯ ಹಿಂಪಡೆಯಿತು. ಮೇ 17ರಂದು ಬಾಂಗ್ಲಾದ ಸಿದ್ಧ ಉಡುಪು ಕೋಲ್ಕತ್ತ ಮತ್ತು ಮುಂಬೈ ಬಳಿಯ ನವಾ ಶೇವಾ ಬಂದರುಗಳಿಂದ ಮಾತ್ರ ಬರಬೇಕೆಂದಿತು. ಒಪ್ಪಂದದ ಒಂದು ಅಕ್ಷರವೂ ಬದಲಾಗಲಿಲ್ಲ. ಸುಂಕ ಸೊನ್ನೆಯೇ ಇತ್ತು. ದಾರಿ ಮಾತ್ರ ಉದ್ದವಾಯಿತು.

ಮುಂದೆ ಗಮನಿಸಬೇಕಾದ ದಿನಾಂಕ 2026ರ ನವೆಂಬರ್ 24. ವಿಶ್ವಸಂಸ್ಥೆ ನಿಗದಿಪಡಿಸಿದ ವೇಳಾಪಟ್ಟಿಯಂತೆ ಅಂದು ಬಾಂಗ್ಲಾದೇಶ ಮತ್ತು ನೇಪಾಳ ಎರಡೂ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಬೇಕು. ಭೂತಾನ್ 2023ರ ಡಿಸೆಂಬರ್‌ನಲ್ಲೇ ಹೊರಬಂದಿದೆ. ಪಟ್ಟಿಯಿಂದ ಹೊರಬಂದವರಿಗೆ ಸಾಫ್ಟಾದಲ್ಲಿ ಶೇ 30ರ ಮೂಲ ಮೌಲ್ಯದ ರಿಯಾಯಿತಿ ಉಳಿಯುವುದಿಲ್ಲ, 25 ಬಾಬ್ತಿನ ಪುಟ್ಟ ಸೂಕ್ಷ್ಮ ಪಟ್ಟಿಯ ಬದಲು ದೊಡ್ಡ ಪಟ್ಟಿ ಅನ್ವಯವಾಗುತ್ತದೆ. ಹಾಗಾಗಿ ಇವರ ಜೊತೆ ಹೊಸ ದ್ವಿಪಕ್ಷೀಯ ಮಾತುಕತೆಗಳು ಅನಿವಾರ್ಯ. ನೇಪಾಳಕ್ಕಂತೂ ತನ್ನದೇ ಹಳೆಯ ಒಪ್ಪಂದದ ಆಸರೆ ಹೇಗೂ ಇದೆ. ಆ ಮಾತುಕತೆಗಳ ಸುದ್ದಿ ಬಂದಾಗ ಎಷ್ಟು ಸಾವಿರ ಸರಕಿಗೆ ಸುಂಕ ಇಳಿಯಿತು ಎಂಬ ಸಾಲನ್ನು ದಾಟಿ ಮುಂದಕ್ಕೆ ಓದಬೇಕು. 1507ರ ಎಣ್ಣೆಗೆ, ಅಡಿಕೆಗೆ, ಮೆಣಸಿಗೆ ಮೂಲದ ನಿಯಮ ಏನು ಬರೆದಿದ್ದಾರೆ. ವಾರ್ಷಿಕ ಮಿತಿ ಇದೆಯೇ. ಯಾವ ಗಡಿಠಾಣೆ ಎಂದು ಹೆಸರಿಸಿದ್ದಾರೆಯೇ. ನಾವು ರಫ್ತು ನಿಲ್ಲಿಸುವಾಗ ಎಷ್ಟು ದಿನ ಮುಂಚೆ ತಿಳಿಸಬೇಕೆಂದು ಒಪ್ಪಿದ್ದೇವೆಯೇ. ಕೊನೆಯ ಪ್ರಶ್ನೆ ಕೇಳಬೇಕಾದವರು ಈರುಳ್ಳಿಯವರು, ಇದುವರೆಗೆ ಅವರು ಕೇಳಿಲ್ಲ.